ಮಾಡೆಲ್ ಚೆಂದ, ಅಳತೆ ತಪ್ಪು: ಹತ್ತಿರದ ಫೋಟೋಗ್ರಾಮೆಟ್ರಿಯಲ್ಲಿ ದೋಷ ಹುಡುಕುವ ಬಗೆ

ಮಳೆನೀರು ಕೊರೆದ ಕೊರಕಲು, ಬಂಡೆಯ ಮುಖ, ಕುಸಿದ ದಂಡೆ, ಉತ್ತ ನೆಲ. ಇಂಥ ಮೇಲ್ಮೈಗಳನ್ನು ಕೆಲವೇ ಮೀಟರ್ ದೂರದಿಂದ ಫೋಟೋ ತೆಗೆದು ಅಳೆಯುವುದು (ಇದೇ ಹತ್ತಿರದ ಫೋಟೋಗ್ರಾಮೆಟ್ರಿ) ಈಗ ಅಷ್ಟೇನೂ ಕಷ್ಟವಲ್ಲ. ಒಂದು ಕ್ಯಾಮೆರಾ, ಹತ್ತಾರು ಟಾರ್ಗೆಟ್ (ಜಾಗ ಗುರುತಿಸಲು ನೆಲದ ಮೇಲೆ ಇಡುವ ಗುರುತು ಹಾಳೆ), ಮೆಟಾಶೇಪ್ ಅಥವಾ ವೆಬ್‌ಒಡಿಎಂ ಥರದ ಒಂದು ಸಾಫ್ಟ್‌ವೇರ್ ಇದ್ದರೆ ತ್ರೀಡಿ ಮಾಡೆಲ್ ತಾನಾಗಿ ಬಂದುಬಿಡುತ್ತದೆ. ಪೇಚು ಇರುವುದೇ ಇಲ್ಲಿ. ತಪ್ಪು ಮಾಡೆಲ್ ಕೂಡ ಸರಿಯಾದ ಮಾಡೆಲ್‌ನಷ್ಟೇ ಚೆಂದ ಕಾಣುತ್ತದೆ. ಮೇಲೆ ಫೋಟೋದ ಬಣ್ಣ ಮೆತ್ತಿರುವುದರಿಂದ ಕಣ್ಣಿಗೆ ಅನುಮಾನ ಬರುವುದಿಲ್ಲ.

ಅದಕ್ಕೇ ಮೊದಲು ಬಣ್ಣ ತೆಗೆದು ನೋಡಿ. ಇಡೀ ಮಾಡೆಲ್‌ಗೆ ಒಂದೇ ಬೂದು ಬಣ್ಣ ಕೊಟ್ಟು, ಬೆಳಕು ಓರೆಯಾಗಿ ಬೀಳುವ ಹಾಗೆ ಇಟ್ಟು ತಿರುಗಿಸಿ. ಬಣ್ಣದಲ್ಲಿ ಮುಚ್ಚಿಹೋಗಿದ್ದ ತರಿ, ಮೆಟ್ಟಿಲು, ಎರಡು ಪದರ ಎಲ್ಲವೂ ಆಚೆ ಬರುತ್ತವೆ. ಆಮೇಲೆ ಪಾಯಿಂಟ್ ಕ್ಲೌಡ್ ಅನ್ನು, ಅಂದರೆ ಮೇಲ್ಮೈಯನ್ನು ತೋರಿಸುವ ಬಿಂದುಗಳ ರಾಶಿಯನ್ನು, ಅಡ್ಡಕ್ಕೆ ತೆಳುವಾಗಿ ಕತ್ತರಿಸಿ ಪಕ್ಕದಿಂದ ನೋಡಿ. ಕ್ಲೌಡ್‌ಕಂಪೇರ್‌ನಲ್ಲಿ ಇದು ಒಂದು ನಿಮಿಷದ ಕೆಲಸ, ಸಾಫ್ಟ್‌ವೇರ್ ಕೂಡ ಉಚಿತ.

ಇನ್ನೊಂದು ಮಾತು. ದೋಷ ಎಷ್ಟು ಮಿಲಿಮೀಟರ್ ಅನ್ನುವುದಕ್ಕಿಂತ ಅದು ಯಾವ ಆಕಾರದಲ್ಲಿದೆ ಅನ್ನುವುದನ್ನು ಮೊದಲು ನೋಡಬೇಕು. ಕಾರಣ ಸಿಗುವುದು ಆಕಾರದಿಂದ. ಕೆಳಗಿನ ಭಾಗಗಳನ್ನೆಲ್ಲ ಹಾಗೇ ಹೊಂದಿಸಿದ್ದೇನೆ: ಕಾಣುವ ಲಕ್ಷಣ ಮೊದಲು, ಕಾರಣ ಆಮೇಲೆ.

ಪಿಕ್ಸೆಲ್ ಲೆಕ್ಕ ಚೆನ್ನಾಗಿದೆ, ಆದರೂ ಅಳತೆ ಹೊಂದುತ್ತಿಲ್ಲ

ರಿಪೋರ್ಟ್‌ನಲ್ಲಿ ರೀಪ್ರೊಜೆಕ್ಷನ್ ಎರರ್ (ಲೆಕ್ಕ ಹಾಕಿದ ಬಿಂದು ಫೋಟೋದಲ್ಲಿ ಕಂಡ ಜಾಗದಿಂದ ಎಷ್ಟು ಆಚೆ ಬೀಳುತ್ತದೆ ಅನ್ನುವುದು) 0.5 ಪಿಕ್ಸೆಲ್ ಅಂತ ಕಂಡ ಕೂಡಲೇ ಎಷ್ಟೋ ಜನ ಖುಷಿಯಾಗಿ ಕೆಲಸ ಮುಗಿಸುತ್ತಾರೆ. ಫೋಟೋಗಳು ಒಂದಕ್ಕೊಂದು ಹೊಂದಿಕೊಂಡಿವೆ ಅಂತ ಮಾತ್ರ ಆ ಸಂಖ್ಯೆ ಹೇಳುತ್ತದೆ. ನೆಲಕ್ಕೂ ಮಾಡೆಲ್‌ಗೂ ತಾಳೆಯಾಗುತ್ತದಾ ಅನ್ನುವುದು ಅದಕ್ಕೆ ಗೊತ್ತೇ ಇಲ್ಲ. ಇಡೀ ಮಾಡೆಲ್ ಬಾಗಿದ್ದರೂ ಆ ಸಂಖ್ಯೆ ಚಿಕ್ಕದಾಗಿಯೇ ಇರಬಹುದು.

ನಿಜ ತಿಳಿಯಬೇಕಾದರೆ ಚೆಕ್ ಪಾಯಿಂಟ್ ಬೇಕು. ಟೋಟಲ್ ಸ್ಟೇಷನ್ ಅನ್ನುವ ಸರ್ವೆ ಉಪಕರಣದಲ್ಲೋ ಟೇಪಿನಲ್ಲೋ ಅಳೆದ ಟಾರ್ಗೆಟ್‌ಗಳಲ್ಲಿ ಕೆಲವನ್ನು ಲೆಕ್ಕಕ್ಕೆ ಸೇರಿಸದೆ ಪಕ್ಕಕ್ಕೆ ಇಡಿ. ಮಾಡೆಲ್ ಬಂದ ಮೇಲೆ ಆ ಜಾಗಗಳಲ್ಲಿ ಎಷ್ಟು ವ್ಯತ್ಯಾಸ ಬರುತ್ತದೆ ನೋಡಿ. ಎಲ್ಲ ಟಾರ್ಗೆಟ್‌ಗಳನ್ನೂ ಕಂಟ್ರೋಲ್ ಅಂತ, ಅಂದರೆ ಮಾಡೆಲ್ ಕೂರಿಸುವ ಲೆಕ್ಕಕ್ಕೆ, ಬಳಸಿಬಿಟ್ಟಿದ್ದರೂ ಪರವಾಗಿಲ್ಲ. ಮೂರು ನಾಲ್ಕರ ಟಿಕ್ ತೆಗೆದು, ಮತ್ತೆ ಆಪ್ಟಿಮೈಸ್ ಮಾಡಿದರೆ (ಕ್ಯಾಮೆರಾಗಳ ಲೆಕ್ಕವನ್ನು ಹೊಸದಾಗಿ ಹೊಂದಿಸಿದರೆ) ಅವೇ ಚೆಕ್ ಪಾಯಿಂಟ್ ಆಗುತ್ತವೆ.

ಈಗ ಆ ಪಟ್ಟಿಯನ್ನು ಓದುವ ರೀತಿ. ಒಂದು ನೆಲದ ಮೇಲೆ ಆರು ಚೆಕ್ ಪಾಯಿಂಟ್ ಇವೆ ಅಂದುಕೊಳ್ಳಿ. ಮೂರು ನಡುವೆ, ಮೂರು ಅಂಚಿನಲ್ಲಿ. ಮೊದಲ ಮಾಡೆಲ್‌ನಲ್ಲಿ ಎತ್ತರದ ವ್ಯತ್ಯಾಸ ಹೀಗಿದೆ: ನಡುವೆ +8, −9, +7 ಮಿ.ಮೀ., ಅಂಚಿನಲ್ಲಿ −8, +9, −7 ಮಿ.ಮೀ. ಎರಡನೇ ಮಾಡೆಲ್‌ನಲ್ಲಿ ನಡುವೆ +8, +9, +7, ಅಂಚಿನಲ್ಲಿ −8, −9, −7. ಎರಡರ ಆರ್‌ಎಂಎಸ್ ದೋಷವೂ (ವರ್ಗಗಳ ಸರಾಸರಿಯ ವರ್ಗಮೂಲ) ಒಂದೇ, 8.0 ಮಿ.ಮೀ. ರಿಪೋರ್ಟ್‌ನ ಮೊದಲ ಪುಟ ನೋಡಿದರೆ ಎರಡಕ್ಕೂ ವ್ಯತ್ಯಾಸವೇ ಇಲ್ಲ. ಆದರೆ ಮೊದಲನೆಯದರಲ್ಲಿ ಕೂಡು ಕಳೆ ಗುರುತುಗಳು ಚೆಲ್ಲಾಪಿಲ್ಲಿ. ಅದು ಟಾರ್ಗೆಟ್ ಗುರುತಿಸುವಾಗಲೋ ಅಳೆಯುವಾಗಲೋ ಆದ ಒರಟುತನ. ಎರಡನೆಯದರಲ್ಲಿ ನಡು ಎದ್ದಿದೆ, ಅಂಚು ಬಿದ್ದಿದೆ. ಅದು ಬೇರೆಯದೇ ಕಾಯಿಲೆ, ಮದ್ದೂ ಬೇರೆ.

ನಡು ಉಬ್ಬಿದೆ, ಇಲ್ಲವೇ ತಗ್ಗಾಗಿದೆ

ಸಮತಟ್ಟಾದ ನೆಲ ಮಾಡೆಲ್‌ನಲ್ಲಿ ಕವುಚಿಟ್ಟ ಬಾಣಲೆಯ ಹಾಗೆ ಕಾಣುತ್ತದೆ. ಕೆಲವೊಮ್ಮೆ ಉಲ್ಟಾ, ಬಾಣಲೆಯೇ ಆಗಿಬಿಡುತ್ತದೆ. ಇದಕ್ಕೆ ಡೋಮಿಂಗ್ ಅನ್ನುತ್ತಾರೆ. ನನ್ನ ಪ್ರಕಾರ ಹತ್ತಿರದ ಫೋಟೋಗ್ರಾಮೆಟ್ರಿಯಲ್ಲಿ ಇದಕ್ಕಿಂತ ಮೋಸದ ದೋಷ ಇನ್ನೊಂದಿಲ್ಲ. ಯಾಕಂದರೆ ಇದು ನುಣುಪಾಗಿರುತ್ತದೆ. ಎಲ್ಲೂ ಹರಿದಿರುವುದಿಲ್ಲ, ತರಿ ಇರುವುದಿಲ್ಲ. ಇಳಿಜಾರಿನ ಮೇಲೆ ಕೂತರೆ ನೆಲದ್ದೇ ಆಕಾರ ಅನ್ನಿಸಿಬಿಡುತ್ತದೆ.

ಕಾರಣ ಇಷ್ಟು. ಲೆನ್ಸ್ ಬಿಂಬವನ್ನು ಅಂಚಿನ ಕಡೆ ಸ್ವಲ್ಪ ಬಾಗಿಸುತ್ತದೆ. ಎಷ್ಟು ಬಾಗಿಸುತ್ತದೆ ಅನ್ನುವುದನ್ನು ಸಾಫ್ಟ್‌ವೇರ್ ನಿಮ್ಮ ಫೋಟೋಗಳಿಂದಲೇ ಊಹಿಸುತ್ತದೆ. ಎಲ್ಲ ಫೋಟೋಗಳನ್ನೂ ಒಂದೇ ದಿಕ್ಕಿಗೆ, ನೇರ ಕೆಳಕ್ಕೆ ನೋಡುತ್ತಾ ತೆಗೆದಿದ್ದರೆ ಅದಕ್ಕೆ ಎರಡು ಉತ್ತರಗಳ ನಡುವೆ ಗೊಂದಲವಾಗುತ್ತದೆ. ಲೆನ್ಸ್ ಇಷ್ಟು ಬಾಗಿಸಿದೆ ಅನ್ನಲೂಬಹುದು, ನೆಲವೇ ಇಷ್ಟು ಬಾಗಿದೆ ಅನ್ನಲೂಬಹುದು. ಎರಡಕ್ಕೂ ಪಿಕ್ಸೆಲ್ ದೋಷ ಹೆಚ್ಚುಕಡಿಮೆ ಅಷ್ಟೇ. ಸಂಶೋಧಕರಾದ ಮೈಕ್ ಜೇಮ್ಸ್ ಮತ್ತು ಸ್ಟುವರ್ಟ್ ರಾಬ್ಸನ್ 2014ರಲ್ಲಿ ಇದನ್ನು ವಿವರವಾಗಿ ತೋರಿಸಿದರು. ಓರೆಯಾಗಿ ತೆಗೆದ ಫೋಟೋಗಳು ಸೇರಿದರೆ ಉಬ್ಬು ಬಹಳಷ್ಟು ಇಳಿಯುತ್ತದೆ ಅನ್ನುವುದನ್ನೂ ಅವರೇ ತೋರಿಸಿದರು.

ಪರೀಕ್ಷೆ ಹೀಗೆ. ಚೆಕ್ ಪಾಯಿಂಟ್‌ಗಳ ಎತ್ತರದ ವ್ಯತ್ಯಾಸವನ್ನು ನಡುವಿನಿಂದ ಎಷ್ಟು ದೂರ ಅನ್ನುವುದರ ಎದುರು ಒಂದು ಗ್ರಾಫ್ ಹಾಕಿ. ಬಿಂದುಗಳು ಬಿಲ್ಲಿನ ಆಕಾರದಲ್ಲಿ ಕೂತರೆ ಅನುಮಾನವೇ ಬೇಡ. ಚೆಕ್ ಪಾಯಿಂಟ್ ಸಾಕಷ್ಟಿಲ್ಲದಿದ್ದರೆ ಇನ್ನೊಂದು ದಾರಿ ಇದೆ. ಕಂಟ್ರೋಲ್ ಸೇರಿಸಿ ಒಂದು ಮಾಡೆಲ್, ಬರೀ ಸ್ಕೇಲ್ (ಅಳತೆಯ ಪ್ರಮಾಣ) ಮಾತ್ರ ಕೊಟ್ಟು ಇನ್ನೊಂದು ಮಾಡೆಲ್ ಮಾಡಿ. ಎರಡನ್ನೂ ಒಂದರ ಮೇಲೊಂದು ಇಟ್ಟು ವ್ಯತ್ಯಾಸದ ನಕ್ಷೆ ತೆಗೆಯಿರಿ. ಅದರಲ್ಲಿ ಉಂಗುರ ಉಂಗುರವಾಗಿ ಬಣ್ಣ ಬಂದರೆ ಫೋಟೋಗಳಲ್ಲೇ ಬಲವಿಲ್ಲ, ಕಂಟ್ರೋಲ್ ಬಲವಂತವಾಗಿ ಎಳೆದು ನಿಲ್ಲಿಸಿದೆ ಅಂತ ಅರ್ಥ.

ಮತ್ತೆ ಹೋಗಿ ಫೋಟೋ ತೆಗೆಯಲು ಸಾಧ್ಯವಿದ್ದರೆ ಅದೇ ಒಳ್ಳೆಯದು. ನೇರ ನೋಟದ ಸಾಲುಗಳ ಜೊತೆಗೆ ಸುತ್ತಲಿನಿಂದ 20ರಿಂದ 30 ಡಿಗ್ರಿ ಓರೆಯಾಗಿ ಒಂದಷ್ಟು ಫೋಟೋ ಸೇರಿಸಿ. ಕೆಲವನ್ನು ಕ್ಯಾಮೆರಾ ಉದ್ದಕ್ಕೆ ತಿರುಗಿಸಿ ತೆಗೆಯಿರಿ. ಕಂಟ್ರೋಲ್ ಅನ್ನು ಬರೀ ನಾಲ್ಕು ಮೂಲೆಗೆ ಇಟ್ಟು ಬಿಡಬೇಡಿ. ನಡುವೆಯೂ ಇರಲಿ, ಎತ್ತರದಲ್ಲೂ ತಗ್ಗಿನಲ್ಲೂ ಇರಲಿ.

ಹೋಗಲು ಆಗುವುದಿಲ್ಲ, ಇರುವುದರಲ್ಲೇ ಸರಿಮಾಡಬೇಕು ಅಂದರೆ? ಅದೇ ಕ್ಯಾಮೆರಾ, ಅದೇ ಲೆನ್ಸ್, ಅದೇ ಫೋಕಸ್‌ನಲ್ಲಿ ಬೇರೆ ಎಲ್ಲಾದರೂ ಸುತ್ತಲೂ ಓಡಾಡಿ ತೆಗೆದ ಗಟ್ಟಿ ಫೋಟೋ ಗುಂಪು ಇದ್ದರೆ ಅದರ ಕ್ಯಾಲಿಬ್ರೇಷನ್ (ಲೆನ್ಸ್ ಎಷ್ಟು ಬಾಗಿಸುತ್ತದೆ ಅನ್ನುವ ಲೆಕ್ಕ) ತಂದು ಇಲ್ಲಿ ಹಾಕಿ, ಬದಲಾಗದಂತೆ ಲಾಕ್ ಮಾಡಿ. ಜಾಸ್ತಿ ಲೆನ್ಸ್ ಪ್ಯಾರಾಮೀಟರ್ ಸೇರಿಸಿದರೆ ಸರಿಹೋಗಬಹುದು ಅಂತ ಅನ್ನಿಸುತ್ತದೆ, ಅಲ್ವಾ? ಸಾಮಾನ್ಯವಾಗಿ ಉಲ್ಟಾ ಆಗುತ್ತದೆ. ಬಲವಿಲ್ಲದ ಫೋಟೋಗಳಿಗೆ ಹೆಚ್ಚು ಸಡಿಲ ಕೊಟ್ಟ ಹಾಗಾಗುತ್ತದೆ ಅಷ್ಟೇ.

ಅರ್ಧ ಫೋಟೋಗಳು ಸೇರಲೇ ಇಲ್ಲ

ಇದು ಕಣ್ಣಿಗೆ ಕಾಣುವ ದೋಷ, ಹಾಗಾಗಿ ವಾಸಿ. ಸೇರದ ಫೋಟೋಗಳು ಯಾವುವು ಅಂತ ಪಟ್ಟಿ ತೆಗೆದು, ಸೇರಿದ್ದರ ಕೊನೆಯದನ್ನೂ ಸೇರದ್ದರ ಮೊದಲನೆಯದನ್ನೂ ಅಕ್ಕಪಕ್ಕ ಇಟ್ಟು ನೋಡಿ. ಬಹುತೇಕ ಸಲ ಅಲ್ಲೇ ಕಾರಣ ಸಿಗುತ್ತದೆ.

ಒಂದು, ನೋಟದ ಕೋನ ಒಮ್ಮೆಲೇ ಹಾರಿದೆ. ಪಕ್ಕಪಕ್ಕದ ಫೋಟೋಗಳ ನಡುವೆ 10ರಿಂದ 15 ಡಿಗ್ರಿ ಇದ್ದರೆ ಆರಾಮ. 30 ದಾಟಿದರೆ ಒಂದೇ ಕಲ್ಲು ಎರಡು ಫೋಟೋದಲ್ಲಿ ಬೇರೆ ಕಲ್ಲಿನ ಹಾಗೆ ಕಾಣುತ್ತದೆ, ಸಾಫ್ಟ್‌ವೇರ್ ಜೋಡಿ ಹುಡುಕಲಾರದು. ನೇರ ನೋಟದಿಂದ ಓರೆ ನೋಟಕ್ಕೆ ಹೋಗುವಾಗ ನಡುವೆ ಮೆಟ್ಟಿಲಿನ ಹಾಗೆ ಕೆಲವು ಫೋಟೋ ಬೇಕೇ ಬೇಕು.

ಎರಡು, ನಿಂತಲ್ಲೇ ನಿಂತು ಸುತ್ತ ತಿರುಗಿ ತೆಗೆದಿದ್ದಾರೆ. ಪನೋರಮಾಕ್ಕೆ ಅದು ಸರಿ, ಇಲ್ಲಿಗೆ ಅಲ್ಲ. ಕ್ಯಾಮೆರಾ ಜಾಗ ಬದಲಿಸದಿದ್ದರೆ ಆಳದ ಲೆಕ್ಕವೇ ಹುಟ್ಟುವುದಿಲ್ಲ. ಪ್ರತಿ ಫೋಟೋಗೂ ಒಂದು ಹೆಜ್ಜೆ ಪಕ್ಕಕ್ಕೆ.

ಮೂರು, ಮೇಲ್ಮೈಯಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲ. ಒದ್ದೆ ಮರಳು, ನುಣ್ಣನೆಯ ಕೆಸರು, ಸುಣ್ಣದಂಥ ಬಿಳಿ ಬಂಡೆ. ಅಂಚಿನಲ್ಲಿ ಒಣ ನೆಲವೋ ಹರಳೋ ಫ್ರೇಮಿನೊಳಗೆ ಬರುವ ಹಾಗೆ ತೆಗೆದರೆ ಅದರ ಆಸರೆಯಲ್ಲಿ ಮಿಕ್ಕಿದ್ದು ಸೇರಿಕೊಳ್ಳುತ್ತದೆ.

ನಾಲ್ಕನೆಯದು ಅಲುಗಾಟ. ಇದನ್ನು ಒಂದು ಲೆಕ್ಕದಲ್ಲೇ ನೋಡೋಣ. 24 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ ಕ್ಯಾಮೆರಾದಲ್ಲಿ ಸೆನ್ಸರ್‌ನ ಒಂದು ಪಿಕ್ಸೆಲ್ ಸುಮಾರು 0.0039 ಮಿ.ಮೀ. ಇರುತ್ತದೆ. 24 ಎಂಎಂ ಲೆನ್ಸ್ ಹಾಕಿ 2 ಮೀಟರ್ ದೂರದಿಂದ ತೆಗೆದರೆ ನೆಲದ ಮೇಲೆ ಒಂದು ಪಿಕ್ಸೆಲ್ 0.0039 × 2000 ÷ 24, ಅಂದರೆ ಸುಮಾರು 0.33 ಮಿ.ಮೀ. ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ನಡೆಯುತ್ತಾ 1/200 ಸೆಕೆಂಡ್ ಶಟರ್‌ನಲ್ಲಿ ಕ್ಲಿಕ್ಕಿಸಿದರೆ ಆ ಹೊತ್ತಿಗೆ ಕ್ಯಾಮೆರಾ 5 ಮಿ.ಮೀ. ಸರಿದಿರುತ್ತದೆ. ಹದಿನೈದು ಪಿಕ್ಸೆಲ್ ಮಸುಕು! ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಅದು ಕಾಣುವುದೇ ಇಲ್ಲ. ನಿಂತು ತೆಗೆಯಿರಿ, ಪೂರ್ತಿ ಜೂಮ್ ಮಾಡಿ ನೋಡಿ.

ಮೊಬೈಲಿನಲ್ಲಿ ತೆಗೆದಿದ್ದರೆ ಇನ್ನೊಂದು ಚಮತ್ಕಾರ ಇದೆ. ಹತ್ತಿರ ಹೋದ ಕೂಡಲೇ ಕೆಲವು ಫೋನುಗಳು ನಮಗೆ ಹೇಳದೆ ಕೇಳದೆ ಬೇರೆ ಲೆನ್ಸಿಗೆ ಹಾರುತ್ತವೆ. ಫೋಟೋ ಫೈಲಿನೊಳಗೇ ಕೂತಿರುವ ಎಕ್ಸಿಫ್ ಮಾಹಿತಿಯಲ್ಲಿ ಫೋಕಲ್ ಲೆಂತ್ ಬದಲಾಗಿದೆಯಾ ನೋಡಿ. ಬದಲಾಗಿದ್ದರೆ ಆ ಫೋಟೋಗಳನ್ನು ಬೇರೆ ಕ್ಯಾಮೆರಾ ಗುಂಪು ಅಂತ ಹಾಕಿ. ಮೆಸೇಜಿಂಗ್ ಆ್ಯಪ್‌ನಲ್ಲಿ ಸಾಮಾನ್ಯ ಫೋಟೋ ಥರ ಕಳಿಸಿದ್ದನ್ನು ಬಳಸಲೇಬೇಡಿ. ಸೈಜು ಕುಗ್ಗಿರುತ್ತದೆ, ಎಕ್ಸಿಫ್ ಅಳಿಸಿಹೋಗಿರುತ್ತದೆ.

ಒಂದೇ ನೆಲ, ಎರಡು ಪದರ

ಅಡ್ಡ ಕತ್ತರಿಸಿ ನೋಡಿದಾಗ ಮೇಲ್ಮೈ ಎರಡು ಗೆರೆಯಾಗಿ ಕಾಣುತ್ತದೆ. ಅಂದರೆ ಫೋಟೋಗಳು ಎರಡು ಗುಂಪಾಗಿ ಒಡೆದಿವೆ, ಎರಡರ ನಡುವೆ ಹಿಡಿತ ಸಡಿಲವಾಗಿದೆ. ಬೆಳಗ್ಗೆ ಒಂದಷ್ಟು, ಮಧ್ಯಾಹ್ನ ಒಂದಷ್ಟು ತೆಗೆದಾಗ ಇದು ಜಾಸ್ತಿ. ನೆರಳು ಜಾಗ ಬದಲಿಸಿರುತ್ತದೆ. ನೆರಳಿನ ಅಂಚನ್ನೇ ನೆಲದ ಗುರುತು ಅಂದುಕೊಂಡು ಸಾಫ್ಟ್‌ವೇರ್ ಜೋಡಿಸಿಬಿಡುತ್ತದೆ. ಮೋಡ ಕವಿದ ದಿನ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು.

ಆದರೆ ಫೋಟೋಗಳನ್ನು ಬೈಯುವ ಮೊದಲು ಟಾರ್ಗೆಟ್ ನೋಡಿ. ಕೈಯಿಂದ ಗುರುತು ಹಾಕುವಾಗ ಟಾರ್ಗೆಟ್ 6ಕ್ಕೆ 9 ಅಂತ ಕೊಟ್ಟರೆ ಸಾಕು, ಇಡೀ ಮಾಡೆಲ್ ಜಗ್ಗುತ್ತದೆ. ಪ್ರತಿ ಟಾರ್ಗೆಟ್‌ಗೂ ಪ್ರತಿ ಫೋಟೋದಲ್ಲಿ ಎಷ್ಟು ಪಿಕ್ಸೆಲ್ ದೋಷ ಅನ್ನುವ ಪಟ್ಟಿ ಸಾಫ್ಟ್‌ವೇರ್‌ನಲ್ಲಿ ಇರುತ್ತದೆ. ಎಲ್ಲ ಕಡೆ ಅರ್ಧ ಪಿಕ್ಸೆಲ್ ಇದ್ದು ಒಂದು ಫೋಟೋದಲ್ಲಿ ಮಾತ್ರ 40 ಇದ್ದರೆ ಕಳ್ಳ ಸಿಕ್ಕ. ಆ ಒಂದು ಗುರುತು ತೆಗೆದು ಮತ್ತೆ ಆಪ್ಟಿಮೈಸ್ ಮಾಡಿ. ಟಾರ್ಗೆಟ್ ಪೂರ್ತಿ ತಪ್ಪಾಗಿದ್ದರೆ, ಅಂದರೆ ಅಳತೆಯೇ ತಪ್ಪಾಗಿದ್ದರೆ, ಎಲ್ಲ ಫೋಟೋದಲ್ಲೂ ಪಿಕ್ಸೆಲ್ ದೋಷ ಚಿಕ್ಕದಿದ್ದು ಮಿಲಿಮೀಟರ್ ದೋಷ ಮಾತ್ರ ದೊಡ್ಡದಿರುತ್ತದೆ. ಈ ಎರಡರ ವ್ಯತ್ಯಾಸ ನೆನಪಿಟ್ಟುಕೊಂಡರೆ ಬಹಳ ಹೊತ್ತು ಉಳಿಯುತ್ತದೆ.

ಆಕಾರ ಸರಿ, ಉದ್ದ ತಪ್ಪು

ಗೊತ್ತಿರುವ ಮೂರು ನಾಲ್ಕು ದೂರಗಳನ್ನು ಬೇರೆಬೇರೆ ದಿಕ್ಕಿನಲ್ಲಿ ಅಳೆದು ನೋಡಿ. ಎಲ್ಲವೂ ಒಂದೇ ಶೇಕಡಾವಾರು ಹೆಚ್ಚೋ ಕಡಿಮೆಯೋ ಬಂದರೆ ಸ್ಕೇಲ್ ತಪ್ಪಿದೆ. ಒಂದು ದಿಕ್ಕಿನಲ್ಲಿ ಮಾತ್ರ ತಪ್ಪಿದ್ದರೆ ಸ್ಕೇಲ್ ಅಲ್ಲ. ಬಾಗಿರುವುದನ್ನೋ, ಕೋಆರ್ಡಿನೇಟ್ ಬರೆದುಕೊಂಡಿದ್ದರಲ್ಲಿ ಆದ ತಪ್ಪನ್ನೋ ಹುಡುಕಿ.

ಸ್ಕೇಲ್ ತಪ್ಪಲು ತೀರಾ ಮಾಮೂಲಿ ಕಾರಣ ಪ್ರಿಂಟರ್. ಟಾರ್ಗೆಟ್ ಹಾಳೆ ಪ್ರಿಂಟ್ ಹಾಕುವಾಗ 'ಪುಟಕ್ಕೆ ಹೊಂದಿಸು' ಅನ್ನುವ ಆಯ್ಕೆ ಆನ್ ಇದ್ದರೆ ಎಲ್ಲವೂ ಕೆಲವು ಶೇಕಡಾ ಕುಗ್ಗಿ ಬರುತ್ತದೆ. ಫೈಲಿನಲ್ಲಿರುವ ದೂರವನ್ನು ನಂಬಬೇಡಿ. ಪ್ರಿಂಟ್ ಆಗಿ, ಹಲಗೆಗೆ ಅಂಟಿಸಿದ ಮೇಲೆ ಸ್ಟೀಲ್ ಸ್ಕೇಲಿನಲ್ಲಿ ಅಳೆದ ದೂರವೇ ನಿಜ.

ಮುಂದಿನದು ಚಿಕ್ಕ ಸ್ಕೇಲ್ ಬಾರ್ (ಉದ್ದ ಗೊತ್ತಿರುವ ಪಟ್ಟಿ). 50 ಸೆ.ಮೀ. ಪಟ್ಟಿಯಲ್ಲಿ ಅರ್ಧ ಮಿಲಿಮೀಟರ್ ತಪ್ಪು ಅಂದರೆ ಸಾವಿರಕ್ಕೆ ಒಂದು. 20 ಮೀಟರ್ ಉದ್ದದ ಕೊರಕಲಿನಲ್ಲಿ ಅದೇ ತಪ್ಪು 20 ಮಿ.ಮೀ. ಆಗುತ್ತದೆ. ಉದ್ದದ ಬಾರ್ ಬಳಸಿ, ಎರಡು ದಿಕ್ಕಿಗೆ ಎರಡಾದರೂ ಇಡಿ, ಒಂದನ್ನು ಚೆಕ್ ಮಾಡಲು ಉಳಿಸಿಕೊಳ್ಳಿ.

ಇನ್ನು ಜಿಪಿಎಸ್. ಮೊಬೈಲ್ ಫೋಟೋಗಳಲ್ಲಿ ಜಾಗದ ಮಾಹಿತಿ ತಾನಾಗಿ ಕೂತಿರುತ್ತದೆ, ಅದರ ತಪ್ಪು ಮೀಟರ್‌ಗಟ್ಟಲೆ. 2 ಮೀಟರ್ ಅಗಲದ ನೆಲ ಅಳೆಯುವಾಗ ಸಾಫ್ಟ್‌ವೇರ್ ಅದನ್ನು ಹಿಡಿದು ಸ್ಕೇಲ್ ಮಾಡಿದರೆ ಬರುವ ಸಂಖ್ಯೆಗೆ ಅರ್ಥವೇ ಇರುವುದಿಲ್ಲ. ಕ್ಯಾಮೆರಾ ಕೋಆರ್ಡಿನೇಟ್‌ಗಳ ಟಿಕ್ ಎಲ್ಲಾ ತೆಗೆದುಹಾಕಿ, ಮತ್ತೆ ಓಡಿಸಿ.

ಮೇಲ್ಮೈ ತರಿತರಿ, ಇಲ್ಲವೇ ತೀರಾ ನುಣುಪು

ತರಿ ಎಲ್ಲ ಕಡೆ ಸಮನಾಗಿದ್ದರೆ ಫೋಟೋಗಳ ನಡುವಿನ ಅಂತರ ನೋಡಿ. ಒಂದು ಜೋಡಿ ಫೋಟೋದ ಆಳದ ನಿಖರತೆಗೆ ಸರಳ ಅಂದಾಜು ಇದೆ. ನೆಲದವರೆಗಿನ ದೂರವನ್ನು ಎರಡು ಫೋಟೋ ತೆಗೆದ ಜಾಗಗಳ ಅಂತರದಿಂದ ಭಾಗಿಸಿ, ನೆಲದ ಮೇಲಿನ ಪಿಕ್ಸೆಲ್ ಅಳತೆಯಿಂದ ಗುಣಿಸಿ, ಮತ್ತೆ ಹೊಂದಿಕೆಯ ದೋಷದಿಂದ ಗುಣಿಸಿ. ಹೊಂದಿಕೆಯ ದೋಷ ಅರ್ಧ ಪಿಕ್ಸೆಲ್ ಅಂತಿಟ್ಟುಕೊಳ್ಳಿ. ಮೇಲಿನ ಕ್ಯಾಮೆರಾದಲ್ಲೇ, 2 ಮೀಟರ್ ದೂರದಿಂದ, 20 ಸೆ.ಮೀ. ಅಂತರದ ಜೋಡಿ ಸುಮಾರು 1.6 ಮಿ.ಮೀ. ಕೊಡುತ್ತದೆ. 50 ಸೆ.ಮೀ. ಅಂತರದ ಜೋಡಿ 0.65 ಮಿ.ಮೀ. ಕೊಡುತ್ತದೆ. ಆಗಲೂ ಫೋಟೋಗಳು ಮುಕ್ಕಾಲು ಭಾಗ ಒಂದರ ಮೇಲೊಂದು ಬರುತ್ತವೆ. ತೀರಾ ಒತ್ತೊತ್ತಾಗಿ ಸಾವಿರ ಫೋಟೋ ತೆಗೆಯುವುದರಿಂದ ಕಂಪ್ಯೂಟರ್ ಬಿಸಿಯಾಗುತ್ತದೆ, ತರಿ ಹೋಗುವುದಿಲ್ಲ.

ತರಿ ಕೆಲವೇ ಕಡೆ ಇದ್ದರೆ ಅಲ್ಲಿ ಏನಿದೆ ಅಂತ ಫೋಟೋದಲ್ಲಿ ನೋಡಿ. ಹುಲ್ಲು ಇರುತ್ತದೆ, ಗಾಳಿಗೆ ಆಡಿರುತ್ತದೆ. ಹುಲ್ಲಿನ ಕೆಳಗಿನ ನೆಲ ಕ್ಯಾಮೆರಾಗೆ ಕಾಣದಿದ್ದ ಮೇಲೆ ಯಾವ ಫಿಲ್ಟರ್ ಹಾಕಿದರೂ ಬರುವುದಿಲ್ಲ. ನಿಂತ ನೀರಿದ್ದರೆ ಬೆಳಕು ಬಾಗುವುದರಿಂದ ತಳ ಮೇಲೆದ್ದು ಕಾಣುತ್ತದೆ. ನೇರ ನೋಡಿದಾಗ ಆಳ ನಿಜದ ಮುಕ್ಕಾಲು ಪಾಲು ಮಾತ್ರ ಬರುತ್ತದೆ. ಅಂಥ ಜಾಗವನ್ನು ಮಾಡೆಲ್‌ನಿಂದ ಕತ್ತರಿಸಿ ಹಾಕುವುದೇ ಪ್ರಾಮಾಣಿಕ ಕೆಲಸ.

ಉಲ್ಟಾ ಕೇಸ್ ಕೂಡ ಉಂಟು. ಹೆಂಟೆಗಳ ಅಂಚು ಕರಗಿದ ಹಾಗೆ ನುಣ್ಣಗಿದ್ದರೆ ಡೆನ್ಸ್ ಕ್ಲೌಡ್‌ನ (ದಟ್ಟ ಪಾಯಿಂಟ್ ಕ್ಲೌಡ್‌ನ) ಫಿಲ್ಟರ್ ತೀರಾ ಗಡುಸಾಗಿದೆ. ಅದನ್ನು ಹಗುರಕ್ಕೆ ಇಳಿಸಿ ಮತ್ತೆ ಮಾಡಿ. ಮಣ್ಣಿನ ಒರಟುತನ ಅಳೆಯುವವರಿಗೆ ಇದು ದೊಡ್ಡ ಪೆಟ್ಟು.

ಪಾಯಿಂಟ್‌ಗಳು ಸಾಲುಸಾಲಾಗಿ ಕೂತಿವೆ

ಕ್ಲೌಡ್ ಬೇರೆ ಸಾಫ್ಟ್‌ವೇರ್‌ಗೆ ಹೋದ ಮೇಲೆ ಬಾಚಣಿಗೆ ಎಳೆದಂತೆ ಸಮಾನ ಅಂತರದ ಪಟ್ಟಿಗಳು ಕಂಡರೆ ಫೋಟೋಗಳದ್ದು ತಪ್ಪಿಲ್ಲ. ಕೋಆರ್ಡಿನೇಟ್ ತೀರಾ ದೊಡ್ಡದಾಗಿದೆ. ಯುಟಿಎಂ ಅನ್ನುವ, ಮೀಟರ್ ಲೆಕ್ಕದ ನಕ್ಷೆ ಪದ್ಧತಿಯಲ್ಲಿ ಉತ್ತರ ದಿಕ್ಕಿನ ಸಂಖ್ಯೆ 14,00,000 ಮೀಟರ್ ಅಂತಿದ್ದು ಅದನ್ನು 32 ಬಿಟ್ ದಶಾಂಶ ಸಂಖ್ಯೆಯಾಗಿ ಉಳಿಸಿದರೆ ಎರಡು ಸಂಖ್ಯೆಗಳ ನಡುವಿನ ಕನಿಷ್ಠ ಅಂತರವೇ 12.5 ಸೆ.ಮೀ. ಮಿಲಿಮೀಟರ್ ಎಲ್ಲ ಮಣ್ಣುಪಾಲು. ಕ್ಲೌಡ್‌ಕಂಪೇರ್ ತೆರೆಯುವಾಗ ಗ್ಲೋಬಲ್ ಶಿಫ್ಟ್ (ದೊಡ್ಡ ಸಂಖ್ಯೆ ಕಳೆದು ಕೋಆರ್ಡಿನೇಟ್ ಚಿಕ್ಕದು ಮಾಡುವುದು) ಬೇಕಾ ಅಂತ ಕೇಳುವುದು ಇದಕ್ಕೇ. ಹ್ಞೂಂ ಅನ್ನಿ. ಇನ್ನೂ ಒಳ್ಳೆಯದು ಅಂದರೆ ಸೊನ್ನೆಯಿಂದ ಶುರುವಾಗುವ ಸ್ಥಳೀಯ ಕೋಆರ್ಡಿನೇಟ್‌ನಲ್ಲೇ ಕೆಲಸ ಮಾಡಿ.

ಎರಡು ದಿನಾಂಕ ಹೋಲಿಸಿದರೆ ಇಲ್ಲದ ಸವೆತ ಕಾಣುತ್ತದೆ

ಮಳೆಗಾಲದ ಮುಂಚೆ ಒಂದು, ಆಮೇಲೆ ಒಂದು ಮಾಡೆಲ್. ಕಳೆದರೆ ಎಲ್ಲೆಲ್ಲೂ ಸವೆತ! ಮೊದಲು ಬದಲಾಗಲು ಸಾಧ್ಯವೇ ಇಲ್ಲದ ಜಾಗ ನೋಡಿ. ಗಟ್ಟಿ ಬಂಡೆಯೋ ಸಿಮೆಂಟಿನ ಕಟ್ಟೆಯೋ. ಅಲ್ಲಿಯೂ ಒಂದೇ ಸಮ 6 ಮಿ.ಮೀ. ಇಳಿದಿದ್ದರೆ ಎರಡು ಮಾಡೆಲ್ ಸರಿಯಾಗಿ ಕೂತಿಲ್ಲ. ಒಂದು ಕಡೆ ಏರಿ ಇನ್ನೊಂದು ಕಡೆ ಇಳಿದಿದ್ದರೆ ವಾಲಿದೆ. ನಡು ಬೇರೆ, ಅಂಚು ಬೇರೆ ಇದ್ದರೆ ಎರಡರಲ್ಲಿ ಒಂದು ಉಬ್ಬಿದೆ. ವಾಲಿದ್ದನ್ನು, ಸರಿದಿದ್ದನ್ನು ಆ ಸ್ಥಿರ ಜಾಗದ ಆಧಾರದಲ್ಲೇ ಕೂರಿಸಬಹುದು. ಉಬ್ಬಿದ್ದನ್ನು ಕೂರಿಸಲು ಬರುವುದಿಲ್ಲ.

ಬದಲಾವಣೆಯ ಬಣ್ಣ ಒಂದು ಕಡೆಗೆ ಮುಖ ಮಾಡಿದ ಇಳಿಜಾರುಗಳಲ್ಲಿ ಸವೆತ, ಎದುರು ಇಳಿಜಾರುಗಳಲ್ಲಿ ಮಣ್ಣು ಬಿದ್ದ ಹಾಗೆ ತೋರಿಸಿದರೆ ಮಾಡೆಲ್ ಪಕ್ಕಕ್ಕೆ ಸರಿದಿದೆ. 45 ಡಿಗ್ರಿ ಇಳಿಜಾರಿನಲ್ಲಿ 10 ಮಿ.ಮೀ. ಪಕ್ಕಕ್ಕೆ ಸರಿದರೆ ಎತ್ತರದಲ್ಲಿ ಅಷ್ಟೇ ಸುಳ್ಳು ಬದಲಾವಣೆ ಹುಟ್ಟುತ್ತದೆ. ಕಡಿದಾದ ಮುಖ, ಚಾಚಿದ ಬಂಡೆ ಇರುವಲ್ಲಿ ನೇರ ಎತ್ತರ ಕಳೆಯುವ ವಿಧಾನ ಬಿಟ್ಟುಬಿಡಿ. ದಿಮಿತ್ರಿ ಲಾಗ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಎಂ3ಸಿ2 ವಿಧಾನ ಮೇಲ್ಮೈಗೆ ಲಂಬವಾಗಿ ದೂರ ಅಳೆಯುತ್ತದೆ. ಕ್ಲೌಡ್‌ಕಂಪೇರ್‌ನಲ್ಲಿ ಪ್ಲಗಿನ್ ಆಗಿ ಸಿಗುತ್ತದೆ.

ಕೊನೆಗೆ ಗೆರೆ ಎಲ್ಲಿ ಹಾಕಬೇಕು ಅನ್ನುವುದು. ಮೊದಲ ಮಾಡೆಲ್‌ನ ದೋಷ 3 ಮಿ.ಮೀ., ಎರಡನೆಯದರದು 4 ಮಿ.ಮೀ. ಅಂದರೆ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ 5. ಅದನ್ನು 1.96ರಿಂದ ಗುಣಿಸಿದರೆ 9.8 ಮಿ.ಮೀ. ಅದಕ್ಕಿಂತ ಚಿಕ್ಕ ಬದಲಾವಣೆಯನ್ನು ಶೇ. 95 ಖಾತ್ರಿಯಿಂದ ನಿಜ ಅನ್ನಲಾಗದು. ನಕ್ಷೆಯಲ್ಲಿ ಆ ಮಿತಿಯೊಳಗಿನದನ್ನೆಲ್ಲ ಬೂದು ಬಣ್ಣಕ್ಕೆ ಹಾಕಿ, ಉಳಿದ ಜಾಗಕ್ಕೆ ಮಾತ್ರ ಸವೆತದ ಲೆಕ್ಕ ಬರೆಯಿರಿ. ಆ 3 ಮತ್ತು 4 ಬರಬೇಕಾದ್ದು ಚೆಕ್ ಪಾಯಿಂಟ್‌ನಿಂದ. ಕಂಟ್ರೋಲ್ ಪಾಯಿಂಟ್‌ನ ದೋಷವನ್ನು ಇಲ್ಲಿ ಹಾಕಿದರೆ ಮಿತಿ ಸುಮ್ನೆ ಚಿಕ್ಕದಾಗಿ ಕಾಣುತ್ತದೆ, ಇಲ್ಲದ ಸವೆತ ಮತ್ತೆ ನಕ್ಷೆಯೊಳಗೆ ಬರುತ್ತದೆ.